ಕೋಳಿ ಸಾಕಣೆಯ ಕಪಾಟಿನಲ್ಲಿರುವ ರಾಕ್ ರೆಕಾರ್ಡಿನ ಬಗ್ಗೆ

ಮಾನ್ಯ ಗ್ರಂಥಪಾಲಕರೇ,

ಪುಸ್ತಕಗಳ ಧೂಳಿನ ನಡುವೆಯೂ ಇಸ್ತ್ರಿ ಕೆಡದ ಅಂಗಿಯಲ್ಲಿ ಕಂಗೊಳಿಸುವ ತಮಗೆ, ಕಾರು ಕಲಿಸಿ ಹೊಟ್ಟೆ ಹೊರೆಯುವ ಈ ಸದಸ್ಯನ ನಮಸ್ಕಾರಗಳು. ಯಾರೂ ಕೇಳದ ರೆಕಾರ್ಡುಗಳನ್ನು ಶನಿವಾರ ಗುಜರಿಗೆ ಹಾಕುವುದಾಗಿ ತಾವು ಬಾಗಿಲಿಗೆ ಅಂಟಿಸಿದ ಸೂಚನೆಯನ್ನು ಓದಿ, ತಮ್ಮ ದಕ್ಷತೆಗೆ ತಲೆಬಾಗಿ, ಬಾಗಿದ ತಲೆಯನ್ನು ಅಲ್ಲೇ ಗೋಡೆಗೆ ಚಚ್ಚಿಕೊಳ್ಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಗುಜರಿಗೆ ಹೊರಟವುಗಳಲ್ಲಿ, ಅಮಲಿನ ಕನಸಿನಂತೆ ತೇಲಿಸುವ ಸೈಕೆಡೆಲಿಕ್ ರಾಕ್ ನುಡಿಸುವ ಬ್ರಿಟನ್ನಿನ ತಂಡವೊಂದರ ಮೂರನೇ ಆಲ್ಬಮ್ ಇದೆ. ಹೊದಿಕೆಯ ಮೇಲೆ ನೇರಳೆ ಬಣ್ಣದ ಕೋಳಿಯೊಂದು ಏಣಿ ಹತ್ತುತ್ತಿರುವುದನ್ನು ಗಮನಿಸಿ ತಾವು ಅದನ್ನು ಕೋಳಿ ಸಾಕಣೆಯ ಕಪಾಟಿನಲ್ಲಿಟ್ಟಿರಿ. ಇಂಥ ಸೂಕ್ಷ್ಮದೃಷ್ಟಿ ಎಲ್ಲರಿಗೂ ದಕ್ಕುವಂಥದ್ದಲ್ಲ. ಅದನ್ನು ಈವರೆಗೆ ಮನೆಗೆ ಒಯ್ದವರು ಕೋಳಿ ಸಾಕುವ ನನ್ನ ಭಾವ ಒಬ್ಬರೇ. "ಪೂರ್ತಿ ಕೇಳ್ದೆ ಕಣಯ್ಯ, ಮೇವಿನ ವಿಷಯ ಒಂದಕ್ಷರ ಇಲ್ಲ" ಎಂದು ಅವರು ನನ್ನ ಮಡಿಲಿಗೆ ಎಸೆದದ್ದರಿಂದ, ಹಿಂದಿರುಗಿಸುವ ಮುನ್ನ ನಾನೂ ಕೇಳಿದೆ.

ಅದೇ ತಂಡದ ಹೆಸರಾಂತ ಮೊದಲ ಆಲ್ಬಮ್ ತಮ್ಮ ಮೇಜಿನ ಹಿಂದೆ ಗಾಜಿನ ಪೆಟ್ಟಿಗೆಯಲ್ಲಿದೆ. ಅದರಲ್ಲಿ ಯಾರೂ ಎಲ್ಲೂ ತಪ್ಪುವುದಿಲ್ಲ. ಮೂರನೆಯದರ ಎರಡನೇ ಬದಿಯಲ್ಲಾದರೋ, ಗಿಟಾರ್ ಎಲ್ಲೋ ಮೇಲೆ ತೇಲಾಡುತ್ತಿರುವಾಗ ಡ್ರಮ್ ಬಾರಿಸುವವನು ತಾಳ ತಪ್ಪುತ್ತಾನೆ. ಆಗ ಆರ್ಗನ್ ನುಡಿಸುವವನು ನಿಧಾನಿಸುತ್ತಾನೆ, ಗಿಟಾರ್ ಕೆಳಗಿಳಿದು ಒಂದೇ ಸ್ವರ ಹಿಡಿದು ಕಾಯುತ್ತದೆ, ಹಾಡುಗಾರ ಮೆಲ್ಲಗೆ ನಗುತ್ತಾನೆ, ಡ್ರಮ್ಮಿನವನು ದಾರಿಗೆ ಬಂದ ಮೇಲೆ ಎಲ್ಲರೂ ಕೂಡಿ ಹೊರಡುತ್ತಾರೆ. ಅದನ್ನು ಅಳಿಸದೆ ಹಾಗೇ ಬಿಟ್ಟಿದ್ದಾರೆ. ನನಗೆ ಸಂತೋಷಕ್ಕೆ ಕಣ್ಣು ತುಂಬಿತು. ಕ್ಲಚ್ ಬಿಡಲು ಬಾರದವರ ಮೇಲೆ ಅಂದಿನಿಂದ ನಾನು ರೇಗಿಲ್ಲ. ಡಾಕ್ಟರಿಗೆ ತೋರಿಸೋಣವೇ ಎಂದು ಮನೆಯಾಕೆ ಕೇಳುವಷ್ಟು ಸಾಧುವಾಗಿದ್ದೇನೆ.

ಆ ರೆಕಾರ್ಡನ್ನು ಕೊಳ್ಳುತ್ತೇನೆಂದರೆ ಗುಜರಿಯ ಮಾಲು ಮಾರುವಂತಿಲ್ಲ ಎಂದಿರಿ, ಎರವಲು ಕೇಳಿದರೆ ಗುಜರಿಯ ಮಾಲು ಕೊಡುವಂತಿಲ್ಲ ಎಂದಿರಿ. ಆದ್ದರಿಂದ ಭಾವನ ಕೋಳಿಗಳಿಗೆಲ್ಲ ಸದಸ್ಯತ್ವ ನೀಡಿ, ಆ ಕಪಾಟಿಗೆ ಭಾರಿ ಬೇಡಿಕೆಯಿದೆಯೆಂದು ಮೇಲಿನವರಿಗೆ ತಿಳಿಸಬೇಕಾಗಿ ಕೋರುತ್ತೇನೆ. ಅದು ಕಷ್ಟವಾದರೆ ಗಾಜಿನ ಪೆಟ್ಟಿಗೆಯಲ್ಲಿರುವ ಅಣ್ಣನನ್ನು ಕೆಲಕಾಲ ಕೋಳಿಗಳ ನಡುವೆ ಕೂರಿಸಿ, ತಮ್ಮನಿಗೆ ಆ ಜಾಗ ಕೊಡಿ.

ಶನಿವಾರದವರೆಗಂತೂ ತಮ್ಮ ವಿಶ್ವಾಸಿ,
ಡ್ರೈವಿಂಗ್ ಮೇಷ್ಟ್ರು

ಮರೆತಿದ್ದೆ: ಸೋಮವಾರದಿಂದ ಕಾರು ಕಲಿಯಲು ತಾವು ನನ್ನಲ್ಲಿ ಹೆಸರು ಬರೆಸಿರುವುದು ಸಂತೋಷ. ಕಾರಿನ ಬಗ್ಗೆ ಹೆದರಬೇಡಿ, ನನ್ನ ಕಾಲಡಿಯೂ ಒಂದು ಬ್ರೇಕ್ ಇದೆ. ನನ್ನ ಬಾಯಿಯ ಬ್ರೇಕ್ ಮಾತ್ರ ಸದ್ಯ ತಮ್ಮ ಕೋಳಿ ಕಪಾಟಿನಲ್ಲಿದೆ.