ನೂರ ನಲವತ್ತು ಸಲ ಇಂದಿನ ಹವಾಮಾನ

ಮೂವತ್ತೊಂದು ವರ್ಷ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ ಬಂದ ಮನುಷ್ಯನಿಗೆ, ನಿವೃತ್ತನಾಗಿ ಮನೆಗೆ ಬಂದ ಮೇಲೆ ಅಲ್ಲಿ ಯಾವುದೂ ಸಾಲಾಗಿ ನಿಲ್ಲುವುದಿಲ್ಲ ಅಂದರೆ ಹೇಗಾಗಬೇಡ, ನೀವೇ ಹೇಳಿ. ನಮ್ಮ ಗ್ರಂಥಪಾಲಕರ ಸಂಕಟ ಅದೇ. ಮೊದಲ ತಿಂಗಳು ಅವರು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಅಕಾರಾದಿಯಲ್ಲಿ ಜೋಡಿಸಿದರು. (ಉಪ್ಪು ಮುಂದೆ ಬಂತು, ಸಕ್ಕರೆ ಮೂಲೆಗೆ ಹೋಯಿತು. ಒಂದು ವಾರ ಮನೆಯ ಚಹಾ ಸಮುದ್ರದಿಂದ ತಂದ ಹಾಗಿತ್ತು.) ಎರಡನೆಯ ತಿಂಗಳು ಚಪ್ಪಲಿಗಳು ಅಳತೆಯ ಪ್ರಕಾರ ನಿಂತವು. ಮೂರನೆಯ ತಿಂಗಳು ಅವರ ದೃಷ್ಟಿ ಹೆಂಡತಿಯ ಫೋನಿನ ಮೇಲೆ ಬಿತ್ತು.

ಹೆಂಡತಿ ಅಂದರೆ ಸಾಮಾನ್ಯ ಹೆಂಗಸಲ್ಲ. ಆ ಊರಿನ ಹೊಲಿಗೆ ಮೆಷಿನ್‌ಗಳ ನಾಡಿ ಬಲ್ಲ ಏಕೈಕ ವೈದ್ಯೆ. ಮನೆಯ ಮುಂದಿನ ಕೋಣೆಯೇ ಆಕೆಯ ಆಸ್ಪತ್ರೆ. ಅಲ್ಲೊಂದು ಗಟ್ಟಿ ಮೇಜು, ತುದಿ ಸವೆದ ನಾಲ್ಕು ಸ್ಕ್ರೂಡ್ರೈವರ್, ಉದ್ದ ಕೊಕ್ಕಿನ ಎಣ್ಣೆ ಡಬ್ಬಿ, ಕತ್ತು ಬಗ್ಗಿಸಿದ ಒಂದು ದೀಪ. ಜನ ಪ್ರೀತಿಯಿಂದ ಆಕೆಯನ್ನು ಡಾಕ್ಟರಮ್ಮ ಅನ್ನುತ್ತಿದ್ದರು. ಅಲ್ಲಿಗೆ ನರಳುತ್ತಾ ಬಂದ ಮೆಷಿನ್ ನರಳುತ್ತಲೇ ಹಿಂದಿರುಗಿದ್ದು ಇವತ್ತಿನವರೆಗೂ ಇಲ್ಲ.

ಒಂದು ಸಂಜೆ ಡಾಕ್ಟರಮ್ಮನೇ ಫೋನನ್ನು ಗಂಡನ ಕೈಗಿಟ್ಟು, "ರೀ, ಅಕ್ಷರ ಸಣ್ಣದು, ಕನ್ನಡಕ ಒಳಗಿದೆ. ಈ ಪುಟದಲ್ಲಿ ಸೂಜಿ ನಂಬರ್ ಎಷ್ಟು ಹೇಳಿದಾರೆ ನೋಡಿ" ಅಂದಳು. ಗ್ರಂಥಪಾಲಕರು ಸೂಜಿ ನಂಬರ್ ಹೇಳಿದರು. ಹೇಳಿ ಸುಮ್ಮನಿರಬಹುದಿತ್ತು. ಬೆರಳು ಸುಮ್ಮನಿರಲಿಲ್ಲ, ಬುಕ್‌ಮಾರ್ಕುಗಳ ಪಟ್ಟಿಯನ್ನು ಒತ್ತಿತು.

"ಇದೇನೇ ಇದು! ಎಲ್ಲಾ ಒಂದೇ ಗುಡ್ಡೆ!"

"ಯಾವ ಗುಡ್ಡೆ?"

"ಈ ಬುಕ್‌ಮಾರ್ಕು! ಆರುನೂರ ಹದಿನಾಲ್ಕು! ಒಂದು ಫೋಲ್ಡರ್ ಇಲ್ಲ, ಒಂದು ವಿಭಾಗ ಇಲ್ಲ. ಇದರಲ್ಲಿ ನಿನಗೆ ಬೇಕಾದದ್ದು ಹೇಗೆ ಸಿಗತ್ತೆ?"

"ಸಿಗತ್ತೆ."

"ಹೇಗೆ ಅಂತ ಕೇಳಿದೆ."

"ಕೈ ಹಾಕ್ತೀನಿ, ಸಿಗತ್ತೆ. ಕೊಡಿ ಇಲ್ಲಿ."

ಎಣ್ಣೆ ಮೆತ್ತಿದ ಹೆಬ್ಬೆರಳಿನಿಂದ ಆಕೆ ಎರಡು ಸಲ ಪಟ್ಟಿಯನ್ನು ಸರ್ರನೆ ಎಳೆದಳು. ಮೂರನೆಯ ಸಲಕ್ಕೆ ಬೇಕಾದ ಪುಟ ಬೆರಳಿನ ಕೆಳಗೇ ಬಂದು ನಿಂತಿತು. ಆರುನೂರ ಹದಿನಾಲ್ಕರಲ್ಲಿ ಒಂದು! ಗ್ರಂಥಪಾಲಕರಿಗೆ ಅಲ್ಲೇ ಎದ್ದು ಕೈಮುಗಿಯಬೇಕು ಅನ್ನಿಸಿತು. ಆದರೆ ಮೂವತ್ತೊಂದು ವರ್ಷದ ಕಸುಬು ಅಡ್ಡ ಬಂತು. ಸಿಗುವುದೇ ಮುಖ್ಯವಾದರೆ ಗ್ರಂಥಾಲಯಕ್ಕೆ ಕಪಾಟು ಯಾಕೆ, ವಿಭಾಗ ಯಾಕೆ, ಗ್ರಂಥಪಾಲಕ ತಾನೇ ಯಾಕೆ?

ಆ ರಾತ್ರಿಯೇ ಅವರು ಸಂಕಲ್ಪ ಮಾಡಿದರು: ಈ ಅರಾಜಕ ರಾಜ್ಯವನ್ನು ಉದ್ಧಾರ ಮಾಡಿ ಹೆಂಡತಿಗೆ ಕಾಣಿಕೆಯಾಗಿ ಕೊಡುವುದು. ಬಾಯಿಬಿಟ್ಟು ಹೇಳಬಾರದು; ಬೆರಗಾಗಬೇಕು ಅವಳು.

ಡಾಕ್ಟರಮ್ಮ ಊಟವಾದ ಮೇಲೆ ಒಂದು ಗಂಟೆ ಮಲಗುವವಳು. ಆ ಒಂದು ಗಂಟೆ ಫೋನು ಕಿಟಕಿಯ ಬಳಿ ಚಾರ್ಜಿಗೆ ಇರುತ್ತಿತ್ತು. ಎಂಟು ಮಧ್ಯಾಹ್ನ ಗ್ರಂಥಪಾಲಕರು ಅದರ ಮುಂದೆ ಕೂತರು. ಮಾಡಿದ್ದೇನು ಗೊತ್ತೇ? ಒಂದೊಂದು ಬುಕ್‌ಮಾರ್ಕಿಗೂ ಒಂದೊಂದು ರಟ್ಟಿನ ಕಾರ್ಡು ಬರೆದರು. ಗ್ರಂಥಾಲಯದವರು ಬೇಡವೆಂದು ಎಸೆದಿದ್ದ ಹಳೆಯ ಮರದ ಖಾನೆಯನ್ನು ಮಂಚದ ಕೆಳಗಿನಿಂದ ಎಳೆದು, ಕಾರ್ಡುಗಳನ್ನು ಅದರಲ್ಲಿ ನಿಲ್ಲಿಸಿದರು. ಫೋನಿನೊಳಗೇ ಹುಡುಕುವ ಸೌಲಭ್ಯ ಇದೆಯಲ್ಲ ಅಂತೀರಾ? ಇದೆ. ಆದರೆ ಕಾರ್ಡಿಲ್ಲದೆ ಹುಡುಕಿದ್ದನ್ನು ಅವರು ಹುಡುಕಾಟವೆಂದೇ ಒಪ್ಪುವವರಲ್ಲ.

ಹಾಗೆ ಬರೆಯುತ್ತಾ ಹೋದಂತೆ ಅವರ ಕನ್ನಡಕ ಮೂಗಿನ ತುದಿಗೆ ಜಾರಿತು. ಪಟ್ಟಿಯಲ್ಲಿದ್ದ ಹೆಸರುಗಳು ಹೀಗಿದ್ದವು: 'ಕೆಮ್ಮೋ ಮೆಷಿನ್...', 'ಎಣ್ಣೆ ಕುಡಿಯೋ ಮುದುಕಿ...', 'ಮುನಿಸಿನ ಮೆಷಿನ್...'. ಪ್ರತಿ ಹೆಸರೂ ಎರಡು ಮೂರು ಪದವಾಗಿ, ಆಮೇಲೆ ಚುಕ್ಕಿಚುಕ್ಕಿ. ಎಣ್ಣೆ ಕುಡಿಯುವ ಮುದುಕಿ ಯಾರಿರಬಹುದೆಂದು ತೆರೆದು ನೋಡಿದರೆ, ಒಳಗೆ 'ಇಂದಿನ ಹವಾಮಾನ'! ಒಂದು ಸೂರ್ಯನ ಚಿತ್ರ, ಪಕ್ಕದಲ್ಲಿ ಗಾಳಿಯ ವೇಗ. ಮುನಿಸಿನ ಮೆಷಿನ್ ತೆರೆದರು. ಅಲ್ಲೂ ಅದೇ ಸೂರ್ಯ. ಎಣಿಸಿದರೆ ನೂರ ನಲವತ್ತು ಕಡೆ ಒಂದೇ ಹವಾಮಾನದ ಪುಟ, ನೂರ ನಲವತ್ತು ವೇಷದಲ್ಲಿ!

ಅವರ ಎದೆ ಕರಗಿತು. "ಪಾಪ, ಬೆರಳು ಜಾರಿ ಜಾರಿ ತಪ್ಪು ಪುಟ ಉಳಿಸಿಕೊಂಡಿದಾಳೆ. ನನ್ನ ಹತ್ತಿರ ಹೇಳಿಕೊಳ್ಳೋಕೆ ನಾಚಿಕೆ" ಎಂದುಕೊಂಡರು.

ಒಂಬತ್ತನೆಯ ಮಧ್ಯಾಹ್ನ ಕಾರ್ಯಾಚರಣೆ. ತಪ್ಪು ಹೆಸರುಗಳನ್ನೆಲ್ಲ, ಧೂಳು ಒರೆಸುವವರಂತೆ ಪೂರ್ತಿ ಓದದೆಯೇ ಅಳಿಸಿ, ನೂರ ನಲವತ್ತಕ್ಕೂ 'ಇಂದಿನ ಹವಾಮಾನ' ಎಂಬ ನಿಜನಾಮಧೇಯ ಕೊಟ್ಟರು. ಒಂದೇ ಪುಸ್ತಕದ ನೂರ ನಲವತ್ತು ಪ್ರತಿ ಯಾವ ಗ್ರಂಥಾಲಯದಲ್ಲಿ ಇಟ್ಟುಕೊಳ್ಳುತ್ತಾರೆ? ಒಂದನ್ನು ಉಳಿಸಿ ನೂರ ಮೂವತ್ತೊಂಬತ್ತನ್ನು ತೆಗೆದುಹಾಕಿದರು. ಮಿಕ್ಕ ಪುಟಗಳು ಹನ್ನೊಂದು ಫೋಲ್ಡರುಗಳಲ್ಲಿ ಶಿಸ್ತಾಗಿ ಕೂತವು. ಗ್ರಂಥಪಾಲಕರು ಫೋನನ್ನು ಬಟ್ಟೆಯಿಂದ ಒರೆಸಿ ಇದ್ದಲ್ಲೇ ಇಟ್ಟು, ಹೊಗಳಿಕೆಗಾಗಿ ಕಾದು ಕೂತರು.

ಮಾರನೆಯ ಬೆಳಿಗ್ಗೆ ಬಂದದ್ದು ಹೊಗಳಿಕೆಯಲ್ಲ, ದರ್ಜಿ ಅಕ್ಕ. ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ತಳ್ಳುಗಾಡಿಯಲ್ಲಿ ಮೆಷಿನ್ ಹೇರಿಕೊಂಡು ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದಳು.

"ಡಾಕ್ಟರಮ್ಮಾ, ನಿಂತೇ ಹೋಯ್ತು! ಸಾಯಂಕಾಲ ನಾಲ್ಕಕ್ಕೆ ನರ್ಸುಗಳ ಹನ್ನೆರಡು ಅಂಗಿ ಕೊಡ್ಬೇಕು. ಆರು ಇನ್ನೂ ತೋಳೇ ಇಲ್ಲದೆ ಬಿದ್ದಿವೆ. ಇವತ್ತು ತಪ್ಪಿದ್ರೆ ಆಸ್ಪತ್ರೆ ಹೊಲಿಗೆ ನನ್ನ ಕೈಬಿಟ್ಟ ಹಾಗೇ!"

"ಅಳಬೇಡ, ಒಳಗೆ ತಾ. ಇದು ಮುನಿಸಿನ ಮೆಷಿನ್ ಅಲ್ವಾ? ಹಿಂದೊಂದು ಸಲ ಹೀಗೇ ಮಾಡಿತ್ತು. ಒಂದು ಸ್ಕ್ರೂ ಕೂದಲೆಳೆಯಷ್ಟು ತಪ್ಪಿದ್ರೂ ಸೂಜಿ ಮುರಿಯತ್ತೆ. ಯಾವ ಕಡೆಗೆ ಎಷ್ಟು ಅಂತ ಬರೆದಿಟ್ಟಿದೀನಿ."

ಡಾಕ್ಟರಮ್ಮ ಫೋನು ತೆಗೆದಳು. ಹೆಬ್ಬೆರಳು ಅಭ್ಯಾಸದಂತೆ ಸರ್ರನೆ ಎಳೆಯಿತು. ಎಳೆಯಲು ಪಟ್ಟಿಯೇ ಇಲ್ಲ!

"ರೀ! ನನ್ನ ಫೋನಿಗೆ ಏನಾಗಿದೆ?"

ಇದೇ ಕರೆಗೆ ಕಾದಿದ್ದ ಗ್ರಂಥಪಾಲಕರು, ಮರದ ಖಾನೆಯನ್ನು ಕೂಸಿನ ಹಾಗೆ ಎತ್ತಿಕೊಂಡು ಆಗಮಿಸಿದರು.

"ಆಗಿಲ್ಲ, ನಾನೇ ಮಾಡಿದೀನಿ. ಹನ್ನೊಂದು ವಿಭಾಗ, ನಲವತ್ತೆರಡು ಉಪವಿಭಾಗ. ಏನು ಬೇಕೋ ಕೇಳು!"

"ಮುನಿಸಿನ ಮೆಷಿನ್."

ಕಾರ್ಡುಗಳು ಪಟಪಟ ಮಗುಚಿದವು. "ಮುನಿಸು... ಮುನಿಸು... ಹಾಂ. ಅದು ಹವಾಮಾನ. ತೆಗೆದುಹಾಕಿದೆ."

"ತೆಗೆದುಹಾಕಿದ್ರಾ?"

"ಒಳಗಡೆ ಏನೂ ಇರಲಿಲ್ಲ ಕಣೇ. ಬರೀ ಬಿಸಿಲು, ಗಾಳಿ."

"ಒಳಗಡೆ ಯಾರು ನೋಡಿ ಅಂದ್ರು ನಿಮಗೆ? ನನ್ನ ವಿಷಯ ಇದ್ದದ್ದು ಹೆಸರಲ್ಲೇ ಅಲ್ವೇನ್ರೀ!"

ಆಗ ಹೊರಬಿತ್ತು ನಿಜ. ಫೋನು ಕೊಂಡ ಹೊಸದರಲ್ಲಿ ತಂಗಿಯ ಮಗಳು ಆಕೆಗೆ ಕಲಿಸಿಕೊಟ್ಟದ್ದು ಒಂದೇ ವಿದ್ಯೆ: ನಕ್ಷತ್ರ ಒತ್ತಿದರೆ ಪುಟ ಉಳಿಯುತ್ತದೆ, ಅದರ ಹೆಸರನ್ನು ನಮಗೆ ಬೇಕಾದ ಹಾಗೆ ಬರೆದುಕೊಳ್ಳಬಹುದು. ಡಾಕ್ಟರಮ್ಮನಿಗೆ ಅಷ್ಟು ಸಾಕಾಯಿತು. ಮೆಷಿನ್‌ಗಳ ಪುಟಗಳನ್ನು ಅವುಗಳ ಪಾಡಿಗೆ ಉಳಿಸಿಕೊಂಡಳು. ಯಾವ ಪುಟದಲ್ಲೂ ಸಿಗದ, ತಾನೇ ಕಂಡುಕೊಂಡ ಗುಟ್ಟುಗಳನ್ನು ಬರೆದಿಡಬೇಕಾದಾಗ, ಫೋನು ತೆರೆದ ಕೂಡಲೇ ಎದುರಿಗೆ ಬರುವ ಹವಾಮಾನದ ಪುಟಕ್ಕೇ ನಕ್ಷತ್ರ ಒತ್ತಿ, ಹೆಸರಿನ ಜಾಗದಲ್ಲಿ ಎಲ್ಲವನ್ನೂ ಬರೆಯುತ್ತಿದ್ದಳು. ನಮ್ಮ ಗ್ರಂಥಪಾಲಕರು ಚುಕ್ಕಿಚುಕ್ಕಿ ಎಂದು ಬಿಟ್ಟದ್ದರ ಆಚೆಗೇ ಆಕೆಯ ವಿದ್ಯೆಯೆಲ್ಲ ಇತ್ತು.

ಗ್ರಂಥಪಾಲಕರ ಕಿವಿ ಕೆಂಪಗಾಯಿತು. ಫೋನನ್ನು ತಿರುವಿ ಮುರುವಿ ಅಳಿಸಿದ್ದನ್ನು ಮರಳಿ ಕರೆಯಲು ನೋಡಿದರು, ಒಂದೂ ಬರಲಿಲ್ಲ. "ಹವಾಮಾನ ಒಂದು ಪ್ರತಿ ಇದೆ. ಬೇಕಾ?" ಅಂದರು, ಕ್ಷೀಣವಾಗಿ.

"ಅಯ್ಯೋ, ನನ್ನ ಅಂಗಿಗಳು!" ದರ್ಜಿ ಅಕ್ಕ ಸೆರಗಿಗೆ ಕಣ್ಣೊರೆಸಿಕೊಂಡಳು.

ಡಾಕ್ಟರಮ್ಮ ಬೈಯಲಿಲ್ಲ. ಫೋನನ್ನು ಬೋರಲು ಹಾಕಿದಳು. ಕೈ ಒರೆಸಿಕೊಂಡು ಮೆಷಿನ್ನಿನ ಹೊಟ್ಟೆಗೆ ಕಿವಿ ಇಟ್ಟಳು.

"ಚಕ್ರ ತಿರುಗಿಸು. ಮೆಲ್ಲಗೆ. ಹಾಂ... ಹೋದ ಸಲ ನೀನು ಬಂದಾಗ ಬೀದಿಯಲ್ಲಿ ರಸ್ತೆ ಅಗೀತಾ ಇದ್ರು ಅಲ್ವಾ?"

"ಹೂಂ."

"ಆ ಗಲಾಟೇಲಿ ನನಗೆ ಮೆಷಿನ್ ಕೇಳಿಸ್ತಿರಲಿಲ್ಲ. ಕಿಟಕಿ ಹಾಕು ಅಂದೆ. ಹಾಕೋಕೆ ಹೋಗಿ ಬೆರಳು ಸಿಗಿಸ್ಕೊಂಡೆ ನೀನು."

"ಹೌದು ಹೌದು! ತಿಂಗಳು ಪೂರ್ತಿ ಉಗುರು ಕಪ್ಪಾಗಿತ್ತು."

"ಯಾವ ಕೈದು?"

"ಎಡಗೈದು."

"ಸರಿ. ಎಡಗೈ ನೋವು ಅಂತ ದೀಪ ಬಲಗೈಲಿ ಹಿಡ್ಕೊಂಡೆ. ಅದಕ್ಕೇ ನಾನು ಗೋಡೆ ಕಡೆಗೆ ಕೂತೆ." ಡಾಕ್ಟರಮ್ಮ ಎದ್ದು ಗೋಡೆಯ ಕಡೆಗೆ ಕೂತಳು. ಕಣ್ಣು ಮುಚ್ಚಿದಳು. "ಇಲ್ಲಿಂದ ಸ್ಕ್ರೂ ನನ್ನ ಕಡೆಗೆ ಬಂತು. ಅರ್ಧ ಸುತ್ತು. ಆಮೇಲೆ ನೀನು 'ಸಾಕೇನೋ' ಅಂದೆ, ನಾನು 'ಇನ್ನೊಂಚೂರು' ಅಂದೆ."

ಸ್ಕ್ರೂ ಅರ್ಧ ಸುತ್ತು ತಿರುಗಿತು. ಇನ್ನೊಂಚೂರು ತಿರುಗಿತು. ದರ್ಜಿ ಅಕ್ಕ ಉಸಿರು ಬಿಗಿಹಿಡಿದು ಕಾಲು ಒತ್ತಿದಳು. ಟಕಟಕಟಕಟಕ! ಮುನಿಸೆಲ್ಲ ಬಿಟ್ಟ ಮೆಷಿನ್ ಒಂದು ಮಾರುದ್ದ ಹೊಲಿಗೆಯನ್ನು ಎಳೆ ತಪ್ಪದೆ ಹಾಕಿತು.

ಗ್ರಂಥಪಾಲಕರು ಬಿಟ್ಟ ಬಾಯಿ ಮುಚ್ಚದೆ ನಿಂತಿದ್ದರು. ವಿಭಾಗ, ಉಪವಿಭಾಗ, ಕಾರ್ಡು, ಸಂಖ್ಯೆ ಎಲ್ಲ ಇದ್ದೂ ತಮ್ಮ ಕೈಗೆ ಸಿಗದ ಎಷ್ಟೋ ಪುಸ್ತಕ ಅವರಿಗೆ ನೆನಪಾದವು. ಇವಳೋ, ಒಂದು ಕಪ್ಪಗಾದ ಉಗುರನ್ನು ಹಿಡಿದುಕೊಂಡು ಹೋಗಿ ಕೂದಲೆಳೆಯಷ್ಟು ಲೆಕ್ಕವನ್ನು ಎತ್ತಿಕೊಂಡು ಬಂದಳು! ಇಂಥ ಗ್ರಂಥಾಲಯ ಮನೆಯಲ್ಲೇ ಇರುವಾಗ ತಾವು ಮೂವತ್ತೊಂದು ವರ್ಷ ಎಲ್ಲಿಗೆ ಹೋಗುತ್ತಿದ್ದರೋ!

ದರ್ಜಿ ಅಕ್ಕ ನಗುತ್ತಾ ಗಾಡಿ ತಳ್ಳಿಕೊಂಡು ಹೋದ ಮೇಲೆ ಅವರು ಮೆಲ್ಲಗೆ ಕೇಳಿದರು: "ಎಲ್ಲಾ ನಿನ್ನ ತಲೆಯಲ್ಲೇ ಇದೆ. ಮತ್ತೆ ಬರೆದಿಟ್ಟಿದ್ದು ಯಾಕೆ?"

"ಬರೆದಿಟ್ರೆ ತಲೆ ಹಗುರ. ಇನ್ಮೇಲೆ ನೂರ ನಲವತ್ತನ್ನೂ ಹೊತ್ಕೊಂಡು ಓಡಾಡ್ಲಾ? ಕೂತ್ಕೊಳ್ಳಿ. ನಾನು ಹೇಳ್ತೀನಿ, ನೀವು ಬರೀರಿ."

"ಟಿಪ್ಪಣಿ ಬರೆಯೋಕೆ ಅಂತಲೇ ಫೋನಲ್ಲಿ ಬೇರೆ ಆಪ್ ಇದೆ ಕಣೇ..."

"ಇರ್ಲಿ ಬಿಡಿ, ಅದರ ಪಾಡಿಗೆ. ಹವಾಮಾನ ತೆಗೀರಿ. ನಕ್ಷತ್ರ ಒತ್ತಿ."

ಗ್ರಂಥಪಾಲಕರು ತೆಗೆದರು, ಒತ್ತಿದರು, ಬರೆದರು. ಆಕೆ ಒಂದು ಮೆಷಿನ್ ಬಿಚ್ಚುತ್ತಲೇ ಹೇಳುತ್ತಾ ಹೋದಳು, ಎಲ್ಲೂ ತಡವರಿಸಲಿಲ್ಲ. ಕೆಮ್ಮುವ ಮೆಷಿನ್ ಬಂತು, ಎಣ್ಣೆ ಕುಡಿಯುವ ಮುದುಕಿ ಬಂದಳು (ಅದೊಂದು ಅರವತ್ತು ವರ್ಷದ, ಕಾಲಲ್ಲಿ ತುಳಿಯುವ ಮೆಷಿನ್ ಅಂತೆ). ಊಟದ ಹೊತ್ತಿಗೆ ಐವತ್ತೆರಡಾಯಿತು. ಬೆರಳು ಮರಗಟ್ಟಿದರೂ ಗ್ರಂಥಪಾಲಕರಿಗೆ ಒಳಗೊಳಗೇ ಖುಷಿ. ಎಂಥ ಹೆಂಗಸು, ಎಂಥ ಹೆಂಗಸು!

"ಐವತ್ತಮೂರನೇದು ಬರೀರಿ. 'ನಮ್ಮವರು.'"

ಅವರು ತಲೆಯೆತ್ತಿದರು. "ಯಾರು, ನಾನಾ? ಅದೂ ಯಾವುದೋ ಮೆಷಿನ್ ಅಂದ್ಕೊಂಡಿದ್ದೆ."

"ಇನ್ನೆಷ್ಟು ಜನ ಇದಾರೆ ನನಗೆ? ಬರೀರಿ. 'ನಮ್ಮವರು. ಬೆಳಿಗ್ಗೆ ಚಹಾ ಕುಡಿಯೋ ಮುಂಚೆ ಏನೂ ಕೇಳಬಾರದು.' ಮುಂದಿನದು. 'ನಮ್ಮವರು. ಹೊಗಳಿದರೆ ಪಾತ್ರೆ ತೊಳೀತಾರೆ. ಜಾಸ್ತಿ ಹೊಗಳಿದರೆ ಒಡೀತಾರೆ.' ಮುಂದಿನದು. 'ನಮ್ಮವರು. ತಪ್ಪು ಮಾಡಿದರೆ ಕಿವಿ ಕೆಂಪಗಾಗತ್ತೆ. ಬಾಯಲ್ಲಿ ಒಪ್ಪಿಕೊಳ್ಳಲ್ಲ. ಕಾಯಬೇಡ.'"

ಗ್ರಂಥಪಾಲಕರ ಒಂದು ಕೈ ತಾನಾಗಿಯೇ ಕಿವಿಗೆ ಹೋಯಿತು. "ಇಂಥವು ಎಷ್ಟಿದ್ವು?"

"ಏಳು."

"ಏಳನ್ನೂ..."

"ಹೂಂ. ನೀವೇ ಕಿತ್ತುಹಾಕಿದ್ರಿ, ಹೆಚ್ಚುವರಿ ಪ್ರತಿ ಅಂತ."

ಏಳೂ ಮುಗಿದವು. ಆಕೆ ಒಂದು ಸ್ಕ್ರೂ ಬಾಯಲ್ಲಿ ಕಚ್ಚಿಕೊಂಡೇ, "ಹೊಸದೊಂದು ಸೇರಿಸಿ. 'ನಮ್ಮವರು. ಫೋನ್ ಕೈಗೆ ಕೊಡಬಾರದು'" ಅಂದಳು. ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದ ಗ್ರಂಥಪಾಲಕರು ಅದನ್ನೂ ಒಂದಕ್ಷರ ತಪ್ಪಿಲ್ಲದೆ ಬರೆದು, ಕೊನೆಗೊಂದು ಚುಕ್ಕಿಯನ್ನೂ ಇಟ್ಟರು.

ಆದರೂ ಕಸುಬು ಸುಮ್ಮನಿರಬೇಕಲ್ಲ. ಬೆರಳು ಮತ್ತೆ ಕಡಿಯತೊಡಗಿತು.

"ಈ ಎಂಟಕ್ಕೆ ಮಾತ್ರ ಒಂದು ಫೋಲ್ಡರ್ ಮಾಡಿಡ್ಲಾ? ಚಿಕ್ಕದು. ಒಂದೇ ಒಂದು."

ಡಾಕ್ಟರಮ್ಮ ಸ್ಕ್ರೂವನ್ನು ಬಾಯಿಂದ ತೆಗೆದು ಅದರ ಜಾಗದಲ್ಲಿ ಕೂರಿಸಿದಳು. ಆಮೇಲೆ ಗಂಡನ ಕೆಂಪು ಕಿವಿಯನ್ನೊಮ್ಮೆ ನೋಡಿ ನಕ್ಕಳು.

"ಬೇಡ. ಹೊರಗಡೇನೇ ಇರ್ಲಿ. ದಿನಾ ಬೇಕಾಗತ್ತೆ."