ಮಾವ ಹುಡುಕಿದ ಹೋರಿ

ನನ್ನ ಸೋದರಮಾವ ಸ್ವಂತ ಮಗಳಿಗೆ ಗಂಡು ಗೊತ್ತು ಮಾಡಿದ್ದು ಒಂದೇ ಮಧ್ಯಾಹ್ನದಲ್ಲಿ. ದನಕ್ಕೆ ಹೋರಿ ಗೊತ್ತು ಮಾಡಲು ಮಾತ್ರ ಇಡೀ ಬೇಸಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಅಲೆದ!

ಆನಂದಪುರದ ಹತ್ತಿರ ಅವನದು ಸಣ್ಣ ಕೊಟ್ಟಿಗೆ, ಹಾಲೆಲ್ಲ ಡೈರಿಗೆ. ಜಾನುವಾರು ಪ್ರದರ್ಶನದಲ್ಲಿ ಯಾರದೋ ಕರುವಿನ ಕೊರಳಿಗೆ ಹಾರ ಬಿದ್ದದ್ದನ್ನು ನೋಡಿ ಬಂದವನಿಗೆ, ತನ್ನಲ್ಲೂ ಅಂಥದೊಂದು ಹುಟ್ಟಬೇಕೆಂಬ ಹುಚ್ಚು ಹತ್ತಿತು. ತಾಯಿಯಾಗಲು ಆರಿಸಿದ್ದು ಗೌರಿಯನ್ನು. ಕಂದು ಬಣ್ಣದ ಪುಟ್ಟ ಜರ್ಸಿ ದನ, ಬಹಳ ಸಾಧು.

ಪಶುವೈದ್ಯರು ಗಬ್ಬ ಕಟ್ಟಲು ಇಂಜೆಕ್ಷನ್ ಕೊಡುತ್ತೇನೆಂದರೆ ಮಾವ ಒಪ್ಪಬೇಕಲ್ಲ! “ಮುಖಾನೇ ನೋಡ್ದೆ ಸಂಬಂಧ ಮಾಡೋದು ಹ್ಯಾಗೆ ಡಾಕ್ಟ್ರೇ?”

ಶುರುವಾಯಿತು ವರಾನ್ವೇಷಣೆ. ಹೊಸನಗರದ ಹೋರಿಗೆ ಬೆನ್ನು ಡೊಂಕು. ಮಂಡಗದ್ದೆಯದಕ್ಕೆ ಎಲ್ಲವೂ ಸರಿ, “ನಡಿಗೇಲಿ ವಿನಯ ಇಲ್ಲೆ!” ಅದರ ಯಜಮಾನ ಕೊಟ್ಟ ಕಾಫಿಯ ಲೋಟ ವಾಪಸು ಕಿತ್ತುಕೊಳ್ಳದೇ ಇದ್ದದ್ದು ದೊಡ್ಡದು.

ಅತ್ತೆಗೆ ರೇಗಿತು. “ಎನ್ನ ನೋಡಲೆ ಬಂದಾಗ ನಿಂಗೊ ತಲೆ ಎತ್ತಿದ್ದೇ ಇಲ್ಲೆ!”

“ನಿನ್ನ ಪ್ರದರ್ಶನಕ್ಕೆ ಕರ್ಕಂಡು ಹೋಪದಿತ್ತನೆ?”

ಆ ರಾತ್ರಿ ಮಾವನಿಗೆ ತಣ್ಣನೆ ಸಾರು.

ಕೊನೆಗೆ ತೀರ್ಥಹಳ್ಳಿ ಕಡೆ ಒಂದು ಕಪ್ಪು-ಬಿಳಿ ಹೋರಿ ಸಿಕ್ಕಿತು. ಹೋರಿಯೇನು, ಲಾರಿ ನಿಲ್ಲಿಸಿದ ಹಾಗಿತ್ತು! ಮಾವ ಅದರ ಸುತ್ತ ಪ್ರದಕ್ಷಿಣೆ ಬಂದು, ಮದುವೆ ನಿಶ್ಚಯವಾದವರಂತೆ ನಕ್ಕ.

ವೈದ್ಯರು ನಗಲಿಲ್ಲ. “ನಿಮ್ಮ ದನ ಸಣ್ಣದು. ಈ ಹೋರಿ ಕರುಗಳು ದೊಡ್ಡದಾಗಿ ಬರ್ತಾವೆ. ಕಷ್ಟ ಆಗ್ತದೆ, ಬ್ಯಾಡ.”

“ಪ್ರದರ್ಶನದಾಗೆ ಎದ್ದು ಕಾಣೋದು ಬ್ಯಾಡ್ವಾ ಡಾಕ್ಟ್ರೇ?” ಎಂದ ಮಾವ. ಹಟ ಗೆದ್ದಿತು.

ದಿನ ತುಂಬಿದ ಗೌರಿ ಬೆಳಿಗ್ಗೆಯಿಂದ ನರಳಿದಳು. ಕರುವಿನ ಮುಂಗಾಲು ಕಂಡಿತು, ತಲೆ ಬರಲಿಲ್ಲ. ವೈದ್ಯರು ಬಂದು ಹಗ್ಗ ಕಟ್ಟಿ ಎಳೆದರು, ನಾವೂ ಕೈಜೋಡಿಸಿದೆವು. ಮಾವ ಗೌರಿಯ ಕತ್ತು ತಬ್ಬಿಕೊಂಡು, “ಸ್ವಲ್ಪ ತಡ್ಕ ಮಗಾ, ಆತು, ಆತು” ಎನ್ನುತ್ತಲೇ ಇದ್ದ. ಅಂತೂ ಹೆಣ್ಣು ಕರು ಬಿತ್ತು. ಅದರ ಹಿಂದೆಯೇ ರಕ್ತ. ಏನು ಮಾಡಿದರೂ ನಿಲ್ಲಲಿಲ್ಲ. ಗೌರಿ ಕರುವನ್ನು ನೆಕ್ಕಲು ಕತ್ತು ಚಾಚಿದಳು. ಎಟುಕಲಿಲ್ಲ. ಮಾವ ಕರುವನ್ನು ಎತ್ತಿ ಹತ್ತಿರ ತರುವಷ್ಟರಲ್ಲಿ ಅವಳ ತಲೆ ಹುಲ್ಲಿನ ಮೇಲೆ ಬಿದ್ದಿತ್ತು.

ಕರು ಬೆಳೆಯಿತು. ಎತ್ತರ, ನೇರ ಬೆನ್ನು, ಮಿರುಗುವ ಮೈ. ದಾರಿಯಲ್ಲಿ ಹೋಗುವವರು ಬೈಕು ನಿಲ್ಲಿಸಿ ನೋಡುವಂಥ ಕರು. ಪ್ರದರ್ಶನ ಬಂದಾಗ, ಮಾವನ ಮಂಕು ಕಳೆಯಲೆಂದು ನಾನೇ ಹೇಳಿದೆ: “ಹೋಪನ ಮಾವ. ಈ ಸಲ ಹಾರ ನಮ್ದೇ.”

ಅವನು ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಕರುವಿಗೆ ಬೆರಳು ಚೀಪಲು ಕೊಟ್ಟಿದ್ದ. ಹಾಲು ಬಿಡಿಸಿ ಎಷ್ಟೋ ಕಾಲವಾಗಿದ್ದರೂ ಅದು ಆ ಅಭ್ಯಾಸ ಬಿಟ್ಟಿರಲಿಲ್ಲ.

“ಬ್ಯಾಡ ಮಾರಾಯ. ಅಲ್ಲಿ ‘ಇದ್ರ ತಾಯಿ ಎಲ್ಲಿದ್ದು’ ಹೇಳಿ ಕೇಳ್ತ. ಇದ್ರ ಎದ್ರಿಗೆ ಎಂತ ಹೇಳ್ಲಿ?”