ಭಾವನ ಬೇಸ್‌ಬಾಲ್ ಸೀಸನ್

ನಮ್ಮ ಭಾವನಿಗೆ ಕ್ರಿಕೆಟ್ ಇಷ್ಟವಿಲ್ಲ. ಇಷ್ಟು ಹೇಳಿ ಪೆನ್ನು ಕೆಳಗಿಟ್ಟರೂ ನೀವು ಅವರನ್ನು ನೋಡಲು ಟಿಕೆಟ್ ತೆಗೆದುಕೊಂಡು ಬರುತ್ತೀರಿ! ಮೈಸೂರಿನಲ್ಲಿ ಹುಟ್ಟಿದ ಗಂಡಸು, ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್‌ನಲ್ಲಿ ಮನೆ, ಟೆಸ್ಟ್ ಪಂದ್ಯ ನಡೆಯುವ ಮೈದಾನಕ್ಕೆ ಕಾರಿನಲ್ಲಿ ಹತ್ತೇ ನಿಮಿಷ. ಆದರೂ ಇಷ್ಟವಿಲ್ಲ. ಇಷ್ಟವಿಲ್ಲವೆಂದರೆ ಬಾಯಿ ಮುಚ್ಚಿಕೊಂಡಾದರೂ ಇರಬೇಕೋ ಬೇಡವೋ? ಕನ್ನಡ ಸಂಘದ ಯುಗಾದಿ ಪಂಕ್ತಿಯಲ್ಲಿ ಕುಳಿತು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಐದು ದಿನ ಕೂತು ಕಡೆಗೆ ಏನೂ ತೀರ್ಮಾನ ಆಗಲಿಲ್ಲ ಅಂದ್ರೆ ಅದನ್ನ ಆಟ ಅಂತಾರೇನ್ರೀ? ನಮ್ಮ ಹಾಸ್ಪಿಟಲ್‌ನಲ್ಲಿ ಅದಕ್ಕೆ ಮೀಟಿಂಗ್ ಅಂತೀವಿ" ಎಂದರು. ಪಂಕ್ತಿಯಲ್ಲಿದ್ದ ಅರವತ್ತು ಜನರಲ್ಲಿ ಐವತ್ತೊಂಬತ್ತು ಜನ ತಿನ್ನುವುದನ್ನು ನಿಲ್ಲಿಸಿದರು. ನಿಲ್ಲಿಸದವರು ಭಾವ.

ಹಾಗಾದರೆ ಅವರಿಗೆ ಇಷ್ಟವಾದದ್ದೇನು? ಫುಟ್‌ಬಾಲೇ? ಅದೂ ಅಲ್ಲ. ಅಮೆರಿಕದ ಕಾಲೇಜು ಹುಡುಗರು ಆಡುವ ಬಾಸ್ಕೆಟ್‌ಬಾಲ್! ಮಾರ್ಚ್ ತಿಂಗಳಲ್ಲಿ ಅಲ್ಲಿ ಅರವತ್ತೆಂಟು ಕಾಲೇಜುಗಳ ಟೂರ್ನಮೆಂಟ್ ನಡೆಯುತ್ತದೆ. ಅದು ಮುಗಿಯುವ ಹೊತ್ತಿಗೆ ಬೇಸ್‌ಬಾಲ್ ಸೀಸನ್ ಶುರು. ಭಾವನ ವರ್ಷದಲ್ಲಿ ಇರುವುದು ಈ ಎರಡೇ ಋತು. ಹಾಗೆಂದು ಅವರು ಅಮೆರಿಕದಲ್ಲಿ ಓದಿದವರೋ, ಇದ್ದವರೋ ಅಂದುಕೊಳ್ಳಬೇಡಿ. ಅವರ ಪಾಸ್‌ಪೋರ್ಟಿಗೆ ಅಮೆರಿಕದ ಗಾಳಿಯೂ ಸೋಕಿಲ್ಲ. ನಾನೊಮ್ಮೆ ಇದನ್ನೇ ಹಿಡಿದು ಕೆಣಕಿದ್ದಕ್ಕೆ, "ಪಂಚಾಂಗ ಬರೆಯೋರು ಗುರು ಶನಿ ಎಲ್ಲ ಸುತ್ತಿ ಬಂದಿರ್ತಾರೇನಮ್ಮ?" ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದರು.

ಈ ಹುಚ್ಚು ಹತ್ತಿದ್ದು ಲೀಡ್ಸ್‌ನಲ್ಲಿ. ಆಗ ಅವರು ಜೂನಿಯರ್ ಡಾಕ್ಟರು, ಹೆಡಿಂಗ್ಲೀಯಲ್ಲಿ ನಾಲ್ವರ ಜೊತೆ ಒಂದು ಬಾಡಿಗೆ ಮನೆ. ಚಳಿಗೆ ಸ್ವೆಟರ್ ಕೊಳ್ಳಲೆಂದು ಹಳೆಯ ಸಾಮಾನು ಮಾರುವ ಚಾರಿಟಿ ಅಂಗಡಿಗೆ ಹೋದವರು, ಸ್ವೆಟರ್ ಬಿಟ್ಟು ಅಮೆರಿಕದ ಹಳೆಯ ಕ್ರೀಡಾ ಪತ್ರಿಕೆಗಳ ಒಂದು ಕಟ್ಟನ್ನು ಹೊತ್ತುಕೊಂಡು ಬಂದರಂತೆ. ಆ ಚಳಿಗಾಲ ಪೂರ್ತಿ ಶೀತ, ಕೆಮ್ಮು. ಆದರೆ ಯಾವ ಊರಿನ ಯಾವ ಕಾಲೇಜು ಯಾರನ್ನು ಸೋಲಿಸಿತು ಎಂಬುದು ಬಾಯಿಪಾಠ.

ಅದರಲ್ಲೂ ಅವರಿಗೆ ಆಟಕ್ಕಿಂತ ಆಟ ನಡೆಯುವ ಊರುಗಳ ಮೇಲೆ ಹೆಚ್ಚು ಭಕ್ತಿ. ಈ ವರ್ಷದ ಆತಿಥೇಯ ನಗರಗಳು ಯಾವುವು ಎಂಬ ಪಟ್ಟಿಯನ್ನು ಸ್ವಂತ ಕೈಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾರೆ. ಬೇರೆ ಮನೆಯ ಯಜಮಾನರು ಸ್ನಾನ ಮಾಡುತ್ತಾ ತೀರ್ಥಕ್ಷೇತ್ರಗಳ ಹೆಸರು ಹೇಳಿಕೊಂಡರೆ, ನಮ್ಮ ಭಾವ ಡೇಟನ್, ಸ್ಪೋಕೇನ್, ಸಾಲ್ಟ್ ಲೇಕ್ ಸಿಟಿ ಅನ್ನುತ್ತಾ ತಲೆಗೆ ನೀರು ಸುರಿದುಕೊಳ್ಳುತ್ತಾರೆ. ಸಾಲ್ಟ್ ಲೇಕ್ ಸಿಟಿ ಸಮುದ್ರಮಟ್ಟಕ್ಕಿಂತ ಎಷ್ಟು ಎತ್ತರ, ಅಲ್ಲಿ ಆಡುವ ಹುಡುಗರಿಗೆ ಎಷ್ಟು ಏದುಸಿರು ಎಂದು ಅವರು ವಿವರಿಸಲು ಹೊರಟರೆ ಅಕ್ಕ ಮಿಕ್ಸಿ ಹಾಕಿಬಿಡುತ್ತಾಳೆ.

ಭಾವ ಅರಿವಳಿಕೆ ತಜ್ಞರು. ರೋಗಿಗಳನ್ನು ನಿದ್ದೆ ಮಾಡಿಸುವುದೇ ಕೆಲಸ. ("ಅದಕ್ಕೆ ಇಂಜೆಕ್ಷನ್ ಯಾಕೆ? ಬೇಸ್‌ಬಾಲ್ ರೂಲ್ಸ್ ಹೇಳಿದ್ರೆ ಸಾಕಲ್ಲ" ಎನ್ನುವುದು ಅಕ್ಕನ ಅಭಿಪ್ರಾಯ.) ಟೂರ್ನಮೆಂಟಿನ ಮೊದಲ ಗುರುವಾರ, ಶುಕ್ರವಾರ ಅವರು ಪ್ರತಿ ವರ್ಷ ತಪ್ಪದೆ ರಜೆ ಹಾಕುತ್ತಿದ್ದರು. ಆ ದಿನಗಳಲ್ಲಿ ನಮ್ಮ ಸಂಜೆ ನಾಲ್ಕಕ್ಕೇ ಆಟ ಶುರು. ರೋಟಾ, ಅಂದರೆ ಡ್ಯೂಟಿ ಪಟ್ಟಿ, ಹಾಕುತ್ತಿದ್ದಾಕೆ ಒಳ್ಳೆಯ ಹೆಂಗಸು. ಪ್ರತಿ ಮಾರ್ಚಿನಲ್ಲೂ ಎರಡು ದಿನ ರಜೆ, ತಾರೀಖು ಮಾತ್ರ ವರ್ಷಕ್ಕೊಂದು. ಹಾಗಾದರೆ ಇದು ಚಾಂದ್ರಮಾನದ ಯಾವುದೋ ಹಬ್ಬವೇ ಇರಬೇಕೆಂದು ತಾನೇ ತೀರ್ಮಾನಿಸಿದಳು. ಭಾವ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಮೂರನೆಯ ವರ್ಷ ಇಡೀ ಡಿಪಾರ್ಟ್‌ಮೆಂಟು ಸಹಿ ಹಾಕಿದ ಶುಭಾಶಯದ ಕಾರ್ಡು ಮನೆಗೆ ಬಂತು. ಭಾವ ಅದನ್ನು ನಾಚಿಕೆಯಿಲ್ಲದೆ ದೇವರ ಮನೆಯಲ್ಲಿಟ್ಟರು.

ಬೇಸ್‌ಬಾಲಿನ ಕಥೆಯೇ ಬೇರೆ. ಅದರ ಚರ್ಮದ ಗ್ಲೌಸ್ ಮೆತ್ತಗಾಗಬೇಕಾದರೆ ಎಣ್ಣೆ ಸವರಿ, ಒಳಗೊಂದು ಚೆಂಡಿಟ್ಟು, ಬಿಗಿಯಾಗಿ ಕಟ್ಟಿ, ಹಾಸಿಗೆಯ ಕೆಳಗೆ ಇಡಬೇಕಂತೆ. ಭಾವ ಸವರಿದ್ದು ಅಕ್ಕ ಊರಿಂದ ತರಿಸಿದ ತಲೆಗೂದಲಿಗೆ ಹಚ್ಚುವ ಕೊಬ್ಬರಿ ಎಣ್ಣೆ. ಇಟ್ಟದ್ದು ಅಕ್ಕ ಮಲಗುವ ಬದಿ, ಯಾಕೆಂದರೆ ಅವಳ ತೂಕ ಸರಿಯಾಗಿದೆಯಂತೆ! ಹತ್ತು ದಿನ ಅಕ್ಕ ಸೊಂಟನೋವೆಂದು ನರಳಿದಳು. ಜಿಪಿ ಡಾಕ್ಟರ ಹತ್ತಿರ ಹೋದಳು, ಫಿಸಿಯೋ ಹತ್ತಿರ ಹೋದಳು. ಕಡೆಗೆ ಬೆಡ್‌ಶೀಟ್ ಬದಲಾಯಿಸುವಾಗ ಗುಟ್ಟು ಹೊರಬಿತ್ತು. ನನಗೆ ಫೋನು ಮಾಡಿ, "ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದಕ್ಕೆ ನಂಗೆ ಸಿಕ್ಕಿದ್ದು ಇದು ಕಣೇ" ಎಂದಳು. ಹಿಂದಿನಿಂದ ಭಾವನ ದನಿ ಕೇಳಿಸುತ್ತಿತ್ತು: ಗ್ಲೌಸ್ ಬಹಳ ಚೆನ್ನಾಗಿ ಹದವಾಗಿದೆಯಂತೆ.

ಇಂಥವರನ್ನು ಸಂಘದವರು ಕ್ರೀಡಾ ಸಮಿತಿಗೆ ಹಾಕಿಕೊಂಡರು ನೋಡಿ! ಬೇಡವೆಂದರೆ ಭಾಷಣ ಮಾಡುತ್ತಾರೆಂಬ ಹೆದರಿಕೆಯಿಂದ ಹಾಕಿಕೊಂಡದ್ದು. ಹಾಕಿಕೊಂಡ ಮೇಲೂ ಭಾಷಣ ತಪ್ಪಲಿಲ್ಲ. ಲೀಡ್ಸ್, ನಾಟಿಂಗ್‌ಹ್ಯಾಮ್, ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುವ ಕನ್ನಡದ ಮಕ್ಕಳಿಗೆ ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಮೆಂಟು ಮಾಡೋಣವೆಂದರು. ಎಲ್ಲರೂ ಒಪ್ಪಿದರು. ಆಮೇಲೆ ಆತಿಥೇಯ ನಗರಗಳ ಪ್ರಶ್ನೆ ಬಂತು. ಅಮೆರಿಕದ ಟೂರ್ನಮೆಂಟಿನಲ್ಲಿ ಯಾವ ತಂಡವೂ ತನ್ನ ಸ್ವಂತ ಅಂಗಳದಲ್ಲಿ ಆಡುವಂತಿಲ್ಲವಂತೆ. ಹಾಗಾಗಿ ಇಲ್ಲೂ ಆಡುವಂತಿಲ್ಲ. ಲೀಡ್ಸ್ ಮತ್ತು ಬರ್ಮಿಂಗ್‌ಹ್ಯಾಮ್ ಆಡಬೇಕಾದರೆ ನಾಟಿಂಗ್‌ಹ್ಯಾಮ್‌ಗೆ ಬರಬೇಕು.

ನಾಟಿಂಗ್‌ಹ್ಯಾಮ್ ಎಂದರೆ ನಮ್ಮ ಮನೆಯಿರುವ ಬೀಸ್ಟನ್, ಬೀಸ್ಟನ್ ಎಂದರೆ ನಾನು. ನಮ್ಮೂರಿನ ತಂಡ ಆಡುವುದಿಲ್ಲ, ಆದರೆ ಬಂದವರಿಗೆ ಊಟ ಹಾಕದಿದ್ದರೆ ಆಗುತ್ತದೆಯೇ? ನಾನು ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆಬಾತ್ ಮಾಡಿದೆ. ನೋಡಿದರೆ ಲೀಡ್ಸಿನ ತಾಯಂದಿರು ಡಿಕ್ಕಿಯಿಂದ ಬಿಸಿಬೇಳೆಬಾತ್ ಇಳಿಸುತ್ತಿದ್ದಾರೆ! ಅರ್ಧ ಗಂಟೆಗೆ ಅಕ್ಕನ ಕಾರು ಬಂತು. ಅದರಲ್ಲೂ ಅದೇ, ಜೊತೆಗೆ ಬೂಂದಿ. ಮಕ್ಕಳನ್ನು ಹಸಿದ ಹೊಟ್ಟೆಯಲ್ಲಿ ಆಡಿಸಲು ಯಾವ ತಾಯಿ ಒಪ್ಪುತ್ತಾಳೆ? ಊಟ ಮೊದಲು, ಆಟ ಆಮೇಲೆ ಎಂದಾಯಿತು. ಮೂರೂರಿನ ಬಾತಿಗೂ ಮರ್ಯಾದೆ ಕೊಟ್ಟ ಹುಡುಗರು ಅಂಗಳಕ್ಕಿಳಿದರು. ಹಾರುವುದಿರಲಿ, ಬಗ್ಗಿ ಶೂ ಲೇಸು ಕಟ್ಟಿಕೊಳ್ಳುವುದೇ ಅವರಿಗೆ ಕಷ್ಟವಾಯಿತು. ಒಂದೊಂದು ಕಡೆಗೂ ಎಪ್ಪತ್ತೆಂಬತ್ತು ಅಂಕ ಬರಬೇಕಾದ ನಲವತ್ತು ನಿಮಿಷದ ಆಟ ಹದಿನಾಲ್ಕು–ಹನ್ನೊಂದಕ್ಕೆ ಮುಗಿಯಿತು. ಎಲ್ಲರೂ ತಲೆ ತಗ್ಗಿಸಿದ್ದರೆ ಭಾವ ಮಾತ್ರ ಎದೆಯುಬ್ಬಿಸಿಕೊಂಡು, ಎರಡೂ ಕಡೆಯ ಡಿಫೆನ್ಸ್ ನೋಡಿದಿರಾ ಎಂದು ಕೇಳುತ್ತಿದ್ದರು.

ನಗುತ್ತಿದ್ದ ನಾನು ನಗು ನಿಲ್ಲಿಸಿದ್ದು ಮುಂದಿನ ಮಾರ್ಚಿನಲ್ಲಿ. ಯುರೋಪಿನೊಳಗೆ ಇರಬೇಕೋ ಬೇಡವೋ ಎಂದು ಇಡೀ ದೇಶ ಜಗಳಕ್ಕೆ ಬಿದ್ದಿದ್ದ ವರ್ಷ ಅದು. ಹಾರ್ಬೋರ್ನ್‌ಗೆ ಹೋದವಳು ಹಾಲಿಗೆಂದು ಫ್ರಿಜ್ಜು ತೆಗೆಯಲು ಹೋಗಿ ಪಟ್ಟಿ ನೋಡಿದೆ. ಮೊದಲ ಊರಿನ ಹೆಸರು ಓದುವ ಹಾಗಿತ್ತು. ಕೆಳಗೆ ಹೋದಂತೆ ಅಕ್ಷರ ಸಣ್ಣದಾಗಿ, ಕಡೆಯ ಊರುಗಳು ಇರುವೆ ಸಾಲಿನ ಹಾಗೆ ಕಾಣುತ್ತಿದ್ದವು. ನನ್ನದು ಔಷಧಿಗಳ ಕೆಲಸ. ಅಕ್ಷರ ಹಾಗೆ ಕುಗ್ಗುವುದು ಯಾವುದರ ಲಕ್ಷಣವೆಂದು ನನಗೆ ಗೊತ್ತಿತ್ತು. ತಿರುಗಿ ನೋಡಿದರೆ ಭಾವನ ಬಲಗೈಯಲ್ಲಿ ಕಾಫಿ ಲೋಟ ಡಬರಾದೊಳಗೆ ಸದ್ದು ಮಾಡುತ್ತಿತ್ತು.

ಅವರಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ಪಾರ್ಕಿನ್ಸನ್ಸ್ ಕಾಯಿಲೆ ಎಂದು ಖಚಿತವಾಗುವ ಮೊದಲೇ, ಕೈ ಮೇಲೆ ಅನುಮಾನ ಬಂದ ದಿನವೇ, ತಾವಾಗಿ ಹೋಗಿ ಆಪರೇಷನ್ ಥಿಯೇಟರಿನ ರೋಟಾದಿಂದ ಹೆಸರು ತೆಗೆಸಿದ್ದರು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದರೆ ಸಂಘದ ಕಾರ್ಯದರ್ಶಿ ಮನೆಗೆ ಬಂದು, ನೀವು ಇನ್ನು ವಿಶ್ರಾಂತಿ ತೆಗೆದುಕೊಳ್ಳಿ, ಯುಗಾದಿಗೆ ಶಾಲು ಹೊದಿಸಿ ಗೌರವ ಸಲಹೆಗಾರರೆಂದು ಮಾಡುತ್ತೇವೆ ಎಂದಾಗ ಮಾತ್ರ ಸಿಡಿದರು. ಆ ಕಾರ್ಯದರ್ಶಿ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, ಕ್ರಿಕೆಟ್ ಕ್ಯಾಪ್ಟನ್ನು, ಪಾಪ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ.

"ಶಾಲು ಹೊದಿಸೋದು ಅಂದ್ರೆ ಎದ್ದು ಮನೆಗೆ ಹೋಗಿ ಅಂತ. ನಾನು ಹೋಗಲ್ಲ. ಏಪ್ರಿಲ್‌ನಲ್ಲಿ ಬೇಸ್‌ಬಾಲ್ ಸೀಸನ್ ಶುರು ಮಾಡ್ತೀನಿ. ಕಡೆಗೆ ಒಂಬತ್ತರ ಹಾಗೆ ಹದಿನೆಂಟು ಜನ ಬರದೇ ಇದ್ರೆ ಕ್ರಿಕೆಟ್ ಆಡೋಕೆ ಪಾರ್ಕೂ ನಿಮ್ದೇ, ಸಮಿತಿನೂ ನಿಮ್ದೇ. ಶಾಲು ತನ್ನಿ, ನಾನೇ ಹೊದ್ಕೋತೀನಿ" ಎಂದರು.

ಮಾತು ಮಾತೇ. ಆಮೇಲೆ ಮೂರು ವಾರ ಫೋನೋ ಫೋನು. ಹೆಡಿಂಗ್ಲೀಯ ವಿದ್ಯಾರ್ಥಿಗಳಿಗೆ, ಬೀಸ್ಟನ್ನಿನ ಸಂಶೋಧಕರಿಗೆ, ಆಸ್ಪತ್ರೆಯ ಹಳೆಯ ಸಹೋದ್ಯೋಗಿಗಳಿಗೆ! ಇಲ್ಲೇ ಹುಟ್ಟಿದ ಮಕ್ಕಳು ಇವರ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲಿ "ಮೇಬೀ, ಅಂಕಲ್" ಅಂದರು. ಭಾವ ಪ್ರತಿಯೊಂದು ಮೇಬಿಯನ್ನೂ ಹೌದು ಎಂದೇ ಲೆಕ್ಕಕ್ಕೆ ಹಿಡಿದರು.

ಏಪ್ರಿಲ್‌ನ ಆ ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಆಲಿಕಲ್ಲು ಬೀಳುವುದೊಂದು ಬಾಕಿ. ಅದೂ ಹತ್ತು ಗಂಟೆಗೆ ಬಿತ್ತು. ಕಾರ್ಯದರ್ಶಿ ಬಂದವರನ್ನು ಎಣಿಸಲು ಕೊಡೆ ಹಿಡಿದು ನಿಂತಿದ್ದ, ಅವನ ಕಾರಿನಲ್ಲಿ ಕ್ರಿಕೆಟ್ ಸಾಮಾನು ಸಿದ್ಧವಾಗಿತ್ತು. ಹನ್ನೊಂದು ಗಂಟೆಗೆ ಹದಿನೇಳು ಜನ. ಹನ್ನೊಂದೂಕಾಲಿಗೂ ಹದಿನೇಳೇ, ನನ್ನನ್ನೂ ಸೇರಿಸಿ! ಹದಿನೆಂಟನೆಯವರಾಗಿ ಭಾವನೇ ಇಳಿಯಬಹುದಿತ್ತು. ಆದರೆ ಅವರು ಬೆಂಚಿನ ಮೇಲೆ ಸ್ಕೋರ್ ಪುಸ್ತಕ ಬಿಚ್ಚಿ, ನಡುಗುವ ಕೈಯಲ್ಲಿ ಪೆನ್ಸಿಲ್ ಹಿಡಿದು ಕುಳಿತುಬಿಟ್ಟಿದ್ದರು. ಬೇಸ್‌ಬಾಲಿನಲ್ಲಿ ಪ್ರತಿ ಚೆಂಡಿಗೂ ಒಂದು ಗುರುತು, ಪ್ರತಿ ಆಟಗಾರನಿಗೂ ಅವನು ನಿಲ್ಲುವ ಜಾಗದ ಒಂದು ನಂಬರು. ಪುಸ್ತಕದಲ್ಲಿ ಬರೆಯದ ಆಟ ಆಟವೇ ಅಲ್ಲ ಎನ್ನುವುದು ಅವರ ವಾದ, ಬರೆಯಲು ಬರುವವರು ಇಡೀ ಪಾರ್ಕಿನಲ್ಲಿ ಅವರೊಬ್ಬರೇ. ಕಾರ್ಯದರ್ಶಿ ಮೆಲ್ಲಗೆ, ನಾನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಳ್ಳುತ್ತೇನೆ ಸಾರ್ ಎಂದ. ಭಾವ ತಲೆಯೆತ್ತಲಿಲ್ಲ. ಪುಟದ ಮೇಲೆ ತಾರೀಖು ಬರೆಯಲು ಹೊರಟಿದ್ದರು, ಬರೆಯಲಾಗುತ್ತಿರಲಿಲ್ಲ. ನಾವೆಲ್ಲ ಬೇರೆ ಕಡೆ ನೋಡಿದೆವು.

ಆಗ ಅಕ್ಕ ಫ್ಲಾಸ್ಕ್ ಬದಿಗಿಟ್ಟು ಬಂದಳು. ಪೆನ್ಸಿಲನ್ನು ಅವರ ಬೆರಳಿನಿಂದ ಬಿಡಿಸಿಕೊಂಡಳು.

"ನೀವು ಹೋಗಿ ರೈಟ್ ಫೀಲ್ಡ್‌ನಲ್ಲಿ ನಿಂತ್ಕೊಳ್ಳಿ. ನಂಬರ್ ಒಂಬತ್ತು. ನಾನು ಬರೀತೀನಿ" ಎಂದಳು.

ಭಾವ ಅವಳನ್ನೇ ನೋಡಿದರು. ನಿನಗೆ ಹೇಗೆ ಬರುತ್ತದೆ ಎಂದು ನಾನು ಕೇಳಿದೆ. "ಇಷ್ಟು ವರ್ಷ ಕಿವಿ ಮೇಲೆ ಬಿದ್ದಿದೆ ಕಣೇ. ಕಲೀದೇ ಇರೋಕೆ ನಾನೇನು ಕಲ್ಲಾ?" ಎಂದು ನನ್ನ ಮೇಲೇ ರೇಗಿದಳು. ನಿಜ ಆಮೇಲೆ ಗೊತ್ತಾಯಿತು: ಅವರ ಅಕ್ಷರ ಕುಗ್ಗಿದ್ದನ್ನು ನನಗಿಂತ ಎಷ್ಟೋ ತಿಂಗಳು ಮೊದಲೇ ನೋಡಿ, ಅವರು ಮನೆಯಲ್ಲಿಲ್ಲದಾಗ ಹಳೆಯ ಸ್ಕೋರ್ ಪುಸ್ತಕಗಳನ್ನು ಮುಂದಿಟ್ಟುಕೊಂಡು ಇವಳು ಅಭ್ಯಾಸ ಮಾಡಿದ್ದಳು.

ಹದಿನೆಂಟು ಜನರಾದರು. ಕಾರ್ಯದರ್ಶಿ ಎರಡು ಸಲ ಎಣಿಸಿ ಕೊಡೆ ಮಡಿಚಿದ. ಆಟ ಶುರುವಾಯಿತು. ಮೂರನೆಯ ಇನಿಂಗ್ಸಿನಲ್ಲಿ ಲೀಡ್ಸಿನ ಹುಡುಗಿಯೊಬ್ಬಳು ಹೊಡೆದ ಚೆಂಡು ಮೇಲೆದ್ದು, ತೀರ ಮೆತ್ತಗೆ, ನೇರ ಭಾವನ ಕಡೆಗೆ ಇಳಿಯಿತು. ಭಾವ ಕೈ ಎತ್ತಿದರು. ಕೈ ಮೇಲೇಳಲು ಒಂದು ಕ್ಷಣ ತಡವಾಯಿತು, ಚೆಂಡು ಪಾದದ ಹತ್ತಿರ ಬಿತ್ತು.

ಹಿಡಿಯಬಹುದಾದ ಚೆಂಡನ್ನು ಬಿಟ್ಟರೆ ಆ ಆಟಗಾರನ ನಂಬರಿನ ಮುಂದೆ 'ಎರರ್' ಎಂದು ಬರೆಯಬೇಕು. ಯಾರಿಗೂ ಹಿಡಿಯಲಾಗದ ಚೆಂಡಾದರೆ ಹೊಡೆದವಳಿಗೆ 'ಹಿಟ್' ಕೊಡಬೇಕು. ಭಾವ ದೂರದಿಂದಲೇ ಗ್ಲೌಸ್ ಕಳಚಿ, ತಪ್ಪು ತಮ್ಮದೆಂದು ಒಂಬತ್ತು ಬೆರಳು ಎತ್ತಿ ತೋರಿಸಿದರು. ಅಕ್ಕ ನೋಡಿದಳು, ತಲೆಯಾಡಿಸಿದಳು, ಬರೆದಳು. ಹೊಡೆಯುವ ತಂಡದಲ್ಲಿ ನನ್ನ ಸರದಿಗೆ ಕಾಯುತ್ತಾ ಅವಳ ಪಕ್ಕದಲ್ಲಿದ್ದ ನಾನು ಅವಳು ಬರೆದದ್ದನ್ನು ನೋಡಿದೆ.

ಇನಿಂಗ್ಸ್ ಮುಗಿದು ಭಾವ ಬಂದವರೇ ಪುಸ್ತಕ ಇಣುಕಿದರು. ಮುಖ ಗಂಟಿಕ್ಕಿತು.

"ಇದು ಹಿಟ್ ಅಲ್ಲ. ನನ್ನ ಕೈಗೇ ಬಂದಿತ್ತು, ನಾನೇ ಬಿಟ್ಟೆ. ಎರರ್ ಅಂತ ಬರಿ."

"ಹಿಟ್ ಕೊಡೋದೋ ಎರರ್ ಕೊಡೋದೋ ಅಂತ ತೀರ್ಮಾನ ಮಾಡೋದು ಸ್ಕೋರರ್. ನಿಮ್ಮ ಪುಸ್ತಕದಲ್ಲೇ ಇದೆ" ಎಂದಳು ಅಕ್ಕ. ಪುಟದ ಮೇಲೆ ಅಂಗೈ ಮುಚ್ಚಿಕೊಂಡಳು. "ಇವತ್ತು ಸ್ಕೋರರ್ ನಾನು. ಆ ಚೆಂಡು ಯಾರಿಗೂ ಸಿಗ್ತಿರಲಿಲ್ಲ ರೀ. ನಿಮ್ಮ ತಪ್ಪೇನೂ ಇಲ್ಲ."

ಇಡೀ ಬರ್ಮಿಂಗ್‌ಹ್ಯಾಮಿನೊಂದಿಗೆ ವಾದ ಹೂಡಿದ ಮನುಷ್ಯ ಗ್ಲೌಸ್ ಬೆಂಚಿನ ಮೇಲಿಟ್ಟರು. ಕಣ್ಣು ಒರೆಸಿಕೊಂಡರು, ಗಾಳಿಗೆ ಎಂದು ಯಾರೂ ಕೇಳದೆಯೇ ಹೇಳಿದರು. ಆಮೇಲೆ, "ಪೆನ್ಸಿಲ್ ಚೂಪು ಮಾಡ್ಕೋ. ಸೀಸನ್ ಈಗಷ್ಟೇ ಶುರುವಾಗಿದೆ" ಎಂದು ಹೇಳಿ, ಅಕ್ಕನ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತು ತಮ್ಮ ಸರದಿಗೆ ಕಾದರು.